ಕಿರೀಟ ಕೆಳಗಿರಬೇಕಿತ್ತು

ನಾನು ಹುಟ್ಟಿದ್ದು ದಾಸನಕೊಪ್ಪದಲ್ಲಿ. ಮದುವೆಯಾಗಿ ಯಲ್ಲಾಪುರಕ್ಕೆ ಬಂದಾಗ ನನ್ನ ಜೊತೆ ಬಂದದ್ದು ಒಂದು ಟ್ರಂಕು, ಒಂದು ಹೊಲಿಗೆ ಮಶೀನು, ಆಮೇಲೆ ನನ್ನಷ್ಟು ಚೊಕ್ಕವಾಗಿ ಹೊಲಿಯುವವರು ಈ ಸೀಮೆಯಲ್ಲಿ ಇಲ್ಲ ಎನ್ನುವ ಸೊಕ್ಕು. ಟ್ರಂಕು ಮೊದಲನೆಯ ಮಳೆಗಾಲಕ್ಕೇ ತುಕ್ಕು ಹಿಡಿಯಿತು. ಸೊಕ್ಕು ಮುರಿಯಲು ಅರವತ್ತೊಂದನೆಯ ಇಸವಿಯ ಡಿಸೆಂಬರ್ ಬರಬೇಕಾಯಿತು. ಮಶೀನು ಇನ್ನೂ ಇದೆ, ಈಗಲೂ ಅದರ ಮುಂದೆಯೇ ಕೂತು ಇದನ್ನು ಬರೆಯುತ್ತಿದ್ದೇನೆ.

ನಮ್ಮವರು ಎಕ್ಕಂಬಿ ಕಡೆಯವರು, ಅರಣ್ಯ ಇಲಾಖೆಯ ಡಿಪೋದಲ್ಲಿ ಗುಮಾಸ್ತರು. ನಾನು ಸರಕಾರಿ ಹೊಲಿಗೆ ಕ್ಲಾಸಿನಲ್ಲಿ ಹೆಣ್ಣುಮಕ್ಕಳಿಗೆ ಕಲಿಸುತ್ತಿದ್ದೆ. ಹಾಗಾಗಿ ಊರಿಗೆಲ್ಲ ಅಕ್ಕೋರು. ನಮ್ಮ ಬಿಡಾರದಿಂದ ಕೂಗಳತೆಯಲ್ಲಿ, ಕಾರವಾರದ ರಸ್ತೆ ತಿರುಗುವಲ್ಲಿ ಒಂದು ಸಣ್ಣ ಇಗರ್ಜಿ ಇತ್ತು. ಸಣ್ಣದು ಎಂದರೆ, ಇಪ್ಪತ್ತು ಜನ ಮೊಣಕಾಲೂರಿದರೆ ಇಪ್ಪತ್ತೊಂದನೆಯವರು ಹೊರಗೆ. ಗೋಡೆ ಮಾತ್ರ ಮೊಳ ದಪ್ಪದ ಕೆಂಪುಕಲ್ಲಿನದು. ಸೋದೆ ಅರಸರ ಕಾಲದ್ದಂತೆ. ಪಾದ್ರಿಗಳು ತಿಂಗಳಿಗೊಮ್ಮೆ ಬಂದು ಹೋಗುತ್ತಿದ್ದರು. ಉಳಿದ ದಿನ ಬಾಗಿಲು ತೆಗೆಯುವುದು, ಗುಡಿಸುವುದು, ಗಂಟೆ ಬಾರಿಸುವುದು ಎಲ್ಲ ಒಬ್ಬ ಮುದುಕನ ಪಾಲಿಗೆ. ಊರವರು ಅವನನ್ನು ಗಂಟೆಯಜ್ಜ ಎನ್ನುತ್ತಿದ್ದರು.

ಆ ಇಗರ್ಜಿಯ ಬಲಗೋಡೆಯ ಮೇಲೆ, ಹೆಂಚಿನ ಮಾಡಿಗೆ ಹತ್ತಿರ, ಎರಡು ಬಾವುಟಗಳು ತೂಗುತ್ತಿದ್ದವು. ಪೋರ್ಚುಗೀಸರ ದಂಡಿನವು. ಘಟ್ಟದ ಕೆಳಗೆ ನಡೆದ ಯಾವುದೋ ಕಾಳಗದಲ್ಲಿ ಅಜ್ಜನ ಮನೆತನದ ಹಿರಿಯನೊಬ್ಬ, ಅರಸರ ಕಡೆ ತೋಪು ಹಾರಿಸುತ್ತಿದ್ದವನು, ಕಿತ್ತು ತಂದಿದ್ದನಂತೆ.

"ಅವರೂ ಶಿಲುಬೆಯವರು, ನೀವೂ ಶಿಲುಬೆಯವರು. ಮತ್ತ ಅವರ ಮ್ಯಾಲ ಹೆಂಗ ತೋಪು ಹಾರಿಸಿದರ್ರಿ ಅಜ್ಜಾ?" ಎಂದು ನಾನೊಮ್ಮೆ ಕೇಳಿದ್ದೆ.

"ಅನ್ನ ಹಾಕಿದವ ನಮ್ಮ ಅರಸು, ಅಕ್ಕೋರೆ. ಪರಂಗಿಯವ ನಮಗೆ ಎಂತ ಹಾಕಿದ್ದ?" ಎಂದು ಅಜ್ಜ ನಕ್ಕಿದ್ದ.

ಇದೆಲ್ಲ ಮೆಟ್ಟಿಲ ಮೇಲೆ ಕೂತು ಕೇಳಿದ್ದು. ಒಳಗೆ ನಾನು ಕಾಲಿಟ್ಟಿರಲಿಲ್ಲ. ಅಲ್ಲಿ ಚಪ್ಪಲಿ ಬಿಟ್ಟು ಹೋಗಬೇಕೋ ಹಾಕಿಕೊಂಡೇ ಹೋಗಬೇಕೋ ಗೊತ್ತಾಗದೆ, ಕೇಳಲು ನಾಚಿಕೆಯಾಗಿ, ಹೊರಗೇ ಉಳಿದಿದ್ದೆ.

ಅರವತ್ತರ ಮಳೆಗಾಲ ಮುಗಿದ ಮೇಲೆ ಒಂದು ದಿನ ಅಜ್ಜ ಪಂಚೆಯಲ್ಲಿ ಸುತ್ತಿದ ಗಂಟೊಂದನ್ನು ಹೊತ್ತು ನಮ್ಮ ಮನೆಗೆ ಬಂದ. ದೊಡ್ಡ ಬಾವುಟ ಕೋಲಿನಿಂದ ಹರಿದು ಬಿದ್ದಿತ್ತು. ಕೋಲು ತೂರಿಸುವ ಮಡಿಕೆಯನ್ನು ಇಲಿ ಕಡಿದಿತ್ತು. ಇನ್ನೊಂದು ಬಾವುಟ ಹೊಗೆ ಹಿಡಿದು ಗುರುತು ಕಾಣದಷ್ಟು ಕರಕಲಾಗಿತ್ತು, ಅದನ್ನು ಮುಟ್ಟಿದರೆ ಪುಡಿಯಾಗುತ್ತದೆ ಎಂದು ಅಲ್ಲೇ ಬಿಟ್ಟು ಬಂದಿದ್ದ.

"ಇದಕ್ಕೊಂದು ಹೊಸ ಮಡಿಕೆ ಹೊಲಿದು ಕೊಡಿ ಅಕ್ಕೋರೆ. ನನ್ನ ಹೆಂಡತಿ ಇದ್ದರೆ ಅವಳೇ ಹೊಲೀತಿದ್ದಳು. ಅವಳ ಅತ್ತೆ, ಅತ್ತೆಯ ಅತ್ತೆ, ಎಲ್ಲ ಹೊಲಿದದ್ದೇ," ಎಂದ. ಅವನ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ನನ್ನನ್ನು ನೋಡಿ ಮಾತಾಡುತ್ತಿದ್ದೇನೆ ಎಂದುಕೊಂಡು ನನ್ನ ಮಶೀನಿನ ಜೊತೆ ಮಾತಾಡುತ್ತಿದ್ದ.

ಅವನು ಹೋದ ಮೇಲೆ ನೆಲದ ಮೇಲೆ ಹಾಸಿ ನೋಡಿದೆ. ಬಿಳಿ ರೇಷ್ಮೆ, ಹಳೆಯ ತುಪ್ಪದ ಬಣ್ಣಕ್ಕೆ ತಿರುಗಿತ್ತು. ನಡುವೆ ಕೆಂಪಂಚಿನ ಗುರಾಣಿ, ಗುರಾಣಿಯೊಳಗೆ ಐದು ಪುಟ್ಟ ನೀಲಿ ಗುರಾಣಿಗಳು, ನೆತ್ತಿಯ ಮೇಲೆ ಜರಿದಾರದ ಕಿರೀಟ. ಎಂಥ ಕಸೂತಿ ಅಂತೀರಿ! ಹೊಟ್ಟೆಯಲ್ಲಿ ಏಳು ತಿಂಗಳ ಕೂಸಿದ್ದರೂ ಬಗ್ಗಿ ಬಗ್ಗಿ ನೋಡಿದೆ. ನೋಡನೋಡುತ್ತ ಒಂದು ವಿಷಯ ಕಂಡಿತು. ಕೋಲಿನ ಮಡಿಕೆ ಇದ್ದದ್ದು ಗುರಾಣಿಯ ಬುಡದ ಕಡೆ. ಅಂದರೆ ತೂಗು ಹಾಕಿದಾಗ ಕಿರೀಟ ಕೆಳಗಾಗುತ್ತದೆ. ಅಯ್ಯ, ಇದೆಂಥ ಬುದ್ಧಿ, ಕಿರೀಟವನ್ನು ಯಾರಾದರೂ ಕಾಲಿಗೆ ಹಾಕುತ್ತಾರೇನು ಅಂದುಕೊಂಡೆ. ಅದೂ ಅಲ್ಲದೆ ಆ ಬುಡದ ಅಂಚು ಕೊಳೆತಿತ್ತು, ಕಿರೀಟದ ಕಡೆಯ ಅಂಚು ಗಟ್ಟಿಯಾಗಿತ್ತು. ಹೊಲಿಗೆ ಬಲ್ಲ ಯಾರನ್ನೇ ಕೇಳಿ, ಭಾರ ಹೊರುವ ಹೊಲಿಗೆಯನ್ನು ಗಟ್ಟಿ ಅಂಚಿಗೇ ಹಾಕುತ್ತಾರೆ.

ಕೊಳೆತ ಮಡಿಕೆಯನ್ನು ಕತ್ತರಿಸಿ ತೆಗೆದೆ. ಕತ್ತರಿಸಿದ ಅಂಚನ್ನು ಸಣ್ಣಗೆ ಮಡಿಸಿ ಹೊಲಿದೆ. ಕಿರೀಟದ ಕಡೆ, ಲಂಗಕ್ಕೆ ಲಾಡಿ ತೂರಿಸಲು ಮಾಡುತ್ತೇವಲ್ಲ ಹಾಗೆ, ಹೊಸ ಮಡಿಕೆ ಹೊಲಿದು ಕೋಲನ್ನೂ ನಾನೇ ತೂರಿಸಿದೆ. ಕತ್ತರಿಸಿದ ಪಟ್ಟಿಯನ್ನು ಬಿಸಾಡಲಿಲ್ಲ. ನಮ್ಮ ಕಡೆ ಬಟ್ಟೆಯ ಚೂರು ಬಿಸಾಡುವ ಹೆಂಗಸನ್ನು ಹೆಂಗಸು ಅಂತ ಕರೆಯುವುದಿಲ್ಲ. ಹುಟ್ಟುವ ಕೂಸಿಗೆ ಹಳೆಯ ಬಟ್ಟೆಗಳ ಕೌದಿ ಹೊಲಿಯುತ್ತಿದ್ದೆ, ಅದರ ಪದರದೊಳಗೆ ಇದನ್ನೂ ಸೇರಿಸಿದೆ. ದಾರಿಯಲ್ಲಿ ಹೋಗುತ್ತಿದ್ದ ಗಾಡಿಯವನೊಬ್ಬ ಬಾವುಟವನ್ನು ಗೋಡೆಗೆ ಏರಿಸಿಕೊಟ್ಟ. ಎಷ್ಟೋ ತಲೆಮಾರಿನ ತಪ್ಪು ತಿದ್ದಿದೆ ಎಂದು ನಾನು ಆ ದಿನ ಇಡೀ ಬೀಗಿದೆ. ಅಜ್ಜನಿಗೆ ಇದನ್ನು ಬಾಯಿಬಿಟ್ಟು ಹೇಳಬೇಕು ಅನ್ನಿಸಲಿಲ್ಲ. ಹೇಳುವುದೇನಿದೆ, ನೆಟ್ಟಗೆ ಮಾಡಿದ್ದನ್ನು!

ಮಗಳು ಹುಟ್ಟಿದಳು. ಬಾಣಂತನ ಮುಗಿಸಿ ದಾಸನಕೊಪ್ಪದಿಂದ ಬಂದವಳು, ಕೂಸನ್ನು ಅಜ್ಜನಿಗೆ ತೋರಿಸಲು ಇಗರ್ಜಿಗೆ ಹೋದೆ. ಆ ಹೊತ್ತಿಗೆ ಶಿರಸಿಯಿಂದ ಬಂದ ನಾಲ್ಕು ಮಂದಿ ಒಳಗಿದ್ದರು. ಅವರ ಹಿಂದೆ, ಬಾಗಿಲ ಹತ್ತಿರ ನಾನು ನಿಂತೆ. ಅಜ್ಜ ಊರುಗೋಲು ಎತ್ತಿ ಗೋಡೆಯ ಕಡೆ ತೋರಿಸುತ್ತಿದ್ದ.

"ನೋಡಿ, ಕಿರೀಟ ಕೆಳಗೆ. ಸೋತವನ ಕಿರೀಟ ನೆಲ ನೋಡ್ಬೇಕು. ನಮ್ಮ ಹಿರಿಯರು ಹಾಗೆ ಆಣೆ ಇಟ್ಟು ತೂಗು ಹಾಕಿದ್ದು. ಅವತ್ತಿಂದ ಇವತ್ತಿನವರೆಗೆ ನಮ್ಮ ಮನೆಯವರು ಅದನ್ನು ಒಂದು ದಿನ ಮೇಲೆ ಮಾಡಲಿಲ್ಲ."

ಆ ನಾಲ್ವರೂ ತಲೆಯೆತ್ತಿ ನೋಡಿದರು. ಕಿರೀಟ ಮೇಲಿತ್ತು. ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒಬ್ಬ ಹೆಗಲ ಮೇಲಿನ ಟವೆಲಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕ. "ಹೌದೌದು ಅಜ್ಜಾ, ಕೆಳಗೇ ಇದೆ," ಎಂದು ಇನ್ನೊಬ್ಬ ಸಮಾಧಾನ ಹೇಳಿದ.

ನಾನು ತಿದ್ದಿದ್ದು ತಪ್ಪನ್ನಲ್ಲ ಎಂದು ಆಗ ತಿಳಿಯಿತು. ಅವರು ಹೋದ ಮೇಲೆ ಹೇಳಬೇಕಿತ್ತು. ಅಜ್ಜಾ, ಹಿಂಗಾತು, ಕೆಳಗ ಇಳಸ್ರಿ, ಅರ್ಧ ತಾಸಿನಾಗ ಹೊಲದ ಕೊಡ್ತೀನಿ ಎನ್ನಬೇಕಿತ್ತು. ಅಷ್ಟೇ ಕೆಲಸ. ಆದರೆ ಹೊಲಿಗೆ ಅಕ್ಕೋರು ಬಾವುಟವನ್ನು ತಿರುಗಾಮುರುಗಾ ಹೊಲಿದಳಂತೆ ಎಂದು ಊರು ಆಡಿಕೊಳ್ಳುವುದು ಕಿವಿಯಲ್ಲಿ ಕೇಳಿಸಿತು. ಹೇಗೂ ಮುದುಕನಿಗೆ ಕಾಣುವುದಿಲ್ಲ, ಅವನ ಪಾಲಿಗೆ ಅದು ಕೆಳಗೇ ಇದೆ, ಇರಲಿ ಬಿಡು ಅಂದುಕೊಂಡೆ. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ! ಅಜ್ಜ ಕೂಸಿನ ಹಣೆ ತಡಕಿ, ಹೆಬ್ಬೆರಳಿನಿಂದ ಅದರ ಮೇಲೆ ಶಿಲುಬೆ ಬರೆದು ಹರಸಿದ. ನಾನು ಸುಮ್ಮನೆ ಮನೆಗೆ ಬಂದೆ.

ವರ್ಷದ ಕೊನೆಗೆ ಗೋವೆಯ ಸುದ್ದಿ ಬಿಸಿಯಾಯಿತು. ನಮ್ಮ ರಸ್ತೆಯಲ್ಲಿ ದಂಡಿನ ಲಾರಿಗಳು ಸಾಲುಗಟ್ಟಿ ಇಳಿಯತೊಡಗಿದವು. ಲಾರಿಗಳ ಧೂಳಿಗೆ ಒಣಹಾಕಿದ ಬಟ್ಟೆಯೆಲ್ಲ ಕೆಂಪಾಗುತ್ತಿತ್ತು. ಎಲ್ಲರ ಬಾಯಲ್ಲಿ ಒಂದೇ ಮಾತು. ಇಂದು ಯುದ್ಧ, ನಾಳೆ ಯುದ್ಧ, ಕಾರವಾರದ ಮೇಲೆ ಬಾಂಬು ಬೀಳುತ್ತದಂತೆ, ಅಲ್ಲಲ್ಲಿ ಪರಂಗಿಯವರ ಗುಪ್ತಚರರು ಇದ್ದಾರಂತೆ. ಕೊಂಕಣಿ ಮಾತಾಡುವ ಕ್ರಿಶ್ಚಿಯನ್ನರು ಪೇಟೆಗೆ ಬಂದರೆ ಜನ ಒಂದು ಕ್ಷಣ ಮಾತು ನಿಲ್ಲಿಸುತ್ತಿದ್ದರು. ನಿನ್ನೆಯವರೆಗೆ ಒಟ್ಟಿಗೆ ಚಹಾ ಕುಡಿದವರು!

ಊರವರು ಇಗರ್ಜಿಯ ತಿರುವಿನಲ್ಲಿ ಸೈನಿಕರಿಗೆ ನೀರು, ಮಜ್ಜಿಗೆ ಕೊಡಲು ನಿಲ್ಲುತ್ತಿದ್ದರು. ಅದರ ಮುಂದಾಳು ನಮ್ಮ ಊರಿನ ಒಬ್ಬ ಮಾಸ್ತರರು. ಕೆಲವು ವರ್ಷದ ಹಿಂದೆ ಅವರು ಗೋವೆಯ ಗಡಿಗೆ ಸತ್ಯಾಗ್ರಹಕ್ಕೆ ಹೋಗಿ, ಅಲ್ಲಿನ ಪೊಲೀಸರ ಕೈಯಲ್ಲಿ ಎಡಗಾಲು ಮುರಿಸಿಕೊಂಡು ಬಂದವರು. ನೆಟ್ಟಗಿನ ಮನುಷ್ಯ. ಆದರೆ ಪರಂಗಿ ಎಂಬ ಮಾತು ಕಿವಿಗೆ ಬಿದ್ದರೆ ಕತ್ತಿನ ನರ ಉಬ್ಬುತ್ತಿತ್ತು. ಗಂಟೆಯಜ್ಜನೂ ಇಗರ್ಜಿಯ ಬಾವಿಯಿಂದ ಕೊಡ ಕೊಡ ನೀರು ಸೇದಿ ತಂದು ಇಡುತ್ತಿದ್ದ. ಹಾಗೆ ಒಂದು ಮಧ್ಯಾಹ್ನ, ಲಾರಿಗಳು ನಿಂತಿದ್ದಾಗ, ಅವನೇ ಉಬ್ಬಿಹೋಗಿ ಮಾಸ್ತರರ ಕೈ ಹಿಡಿದು ಕರೆದನಂತೆ. "ಬನ್ನಿ ಮಾಸ್ತರೇ, ನೀವು ಈಗ ಮಾಡೂದನ್ನು ನಮ್ಮ ಹಿರಿಯರು ಯಾವಾಗಲೋ ಮಾಡಿ ಇಟ್ಟಿದ್ದಾರೆ. ಪರಂಗಿಯವನ ಕಿರೀಟ ಹೇಗೆ ನೆಲ ನೋಡ್ತದೆ, ನೋಡಿ ಬನ್ನಿ."

ಮಾಸ್ತರರು ಒಳಗೆ ಹೋದರು. ಹೊರಗೆ ಬಂದಾಗ ಮುಖದಲ್ಲಿ ರಕ್ತ ಇರಲಿಲ್ಲವಂತೆ.

ನಾನು ಕ್ಲಾಸು ಬಿಟ್ಟು ಮನೆಗೆ ಬಂದು ಕೂಸಿಗೆ ಹಾಲು ಕುಡಿಸುತ್ತಿದ್ದೆ. ಗದ್ದಲ ಕೇಳಿ ಕಿಟಕಿಗೆ ಬಂದೆ. ಇಗರ್ಜಿಯ ಮುಂದೆ ನೂರು ಜನ ಸೇರಿದ್ದರು. ಯಾರೋ ಸೀಮೆಎಣ್ಣೆಯ ಡಬ್ಬಿ ಹಿಡಿದು ಓಡುತ್ತಿದ್ದ. ಅಷ್ಟರಲ್ಲಿ ನಮ್ಮವರು ಡಿಪೋದಿಂದ ಏದುಸಿರು ಬಿಡುತ್ತ ಬಂದು ಬಾಗಿಲು ಹಾಕಿದರು.

"ಇಗರ್ಜಿಯೊಳಗ ಪರಂಗಿಯವರ ಬಾವುಟ ನೆಟ್ಟಗ ಏರಿಸಿಟ್ಟಾನಂತ, ಮುದುಕ. ಫೌಜದಾರ ಬಂದಾನ, ಹಿಡಕೊಂಡು ಹೊಂಟಾರ. ಬಾವುಟ ಸುಡತಾರಂತ."

"ಅದನ್ನ ನೆಟ್ಟಗ ಮಾಡಿದಾಕಿ ನಾನರಿ," ಎಂದೆ.

ಹೇಳಿದೆ, ಎಲ್ಲ. ಅವರು ಬಾಗಿಲಿಗೆ ಒರಗಿ ಕೂತರು. ಆಮೇಲೆ ನಿಧಾನವಾಗಿ, "ಬಾಯಿ ಮುಚಗೊಂಡು ಒಳಗ ಇರು. ಇದರಾಗ ನಿನ್ನ ಹೆಸರು ಬಂದರ ನನ್ನ ನೌಕರಿ ಹೋತು, ನಿನ್ನದೂ ಹೋತು," ಎಂದರು. ಕೆಟ್ಟವರಲ್ಲ ನಮ್ಮವರು. ಹೆದರಿದ್ದರು. ನಾನೂ ಹೆದರಿದ್ದೆ, ಸುಳ್ಳೇಕೆ ಹೇಳಲಿ. ಒಂದು ಗಳಿಗೆ ಒಳಗೇ ಇರೋಣ ಎಂದುಕೊಂಡೆ ಕೂಡ. ಅಷ್ಟರಲ್ಲಿ ಹೊರಗಿನ ಗದ್ದಲದ ಮೇಲೆ ಅಜ್ಜನ ಧ್ವನಿ ಕೇಳಿತು.

"ಕಿರೀಟ ಕೆಳಗೇ ಅದೆ! ಕಣ್ಣಿದ್ದವರು ನೋಡ್ರೋ! ಕೆಳಗೇ ಅದೆ!"

ಜನ ಹೋ ಎಂದು ಕೂಗಿದರು. ಆ ಕೂಗು ಕೇಳಿ ನನ್ನಿಂದ ನಿಲ್ಲಲಾಗಲಿಲ್ಲ. ಕೂಸು ಕೌದಿಯಲ್ಲಿ ಸುತ್ತಿಕೊಂಡು ತೋಳಿನಲ್ಲೇ ಇತ್ತು, ಹಾಗೇ ಅವುಚಿಕೊಂಡು ಚಿಲಕ ತೆಗೆದು ಓಡಿದೆ. ಓಡುತ್ತಲೇ ಚಂದಗುಳಿ ಗಣಪನಿಗೆ ಒಂದು ಗಂಟೆ ಕಟ್ಟುತ್ತೇನೆಂದು ಹರಕೆ ಹೊತ್ತೆ. ನಮ್ಮವರು ಹಿಂದಿನಿಂದ ಕರೆಯುತ್ತಲೇ ಇದ್ದರು.

ಜನ ದಾರಿ ಬಿಟ್ಟರು. ಮೆಟ್ಟಿಲ ಮೇಲೆ ಅಜ್ಜ, ಅವನ ಎರಡೂ ತೋಳು ಹಿಡಿದು ಇಬ್ಬರು ಪೊಲೀಸರು. ಬಾವುಟವನ್ನು ಇಳಿಸಿ, ಕೋಲಿನ ಸಮೇತ ನೆಲದ ಮೇಲೆ ಹಾಕಿದ್ದರು. ಪಕ್ಕದಲ್ಲೇ ಸೀಮೆಎಣ್ಣೆಯ ಡಬ್ಬಿ. ಮಾಸ್ತರರು ಅದರ ಮುಂದೆ ನಿಂತು ಕೂಗುತ್ತಿದ್ದರು. "ನನ್ನ ಕಾಲು ಮುರಿದವನ ಟೋಪಿ ಮೇಲೆ ಇದೇ ಗುರಾಣಿ, ಇದೇ ಐದು ಗುರಾಣಿ. ಆನು ಮರ್ತಿದ್ನಿಲ್ಲೆ! ಇದನ್ನ ತಲೆ ಮೇಲೆ ಏರಿಸಿಟ್ಟು, ನನ್ನನ್ನೇ ಒಳಗೆ ಕರೆದು, ಕೆಳಗೆ ಅದೆ ಅಂತ ಹಂಗಿಸ್ತ!" ಮರೆತಿಲ್ಲ ಎನ್ನುವುದಕ್ಕೂ ಸಿಟ್ಟಿನಲ್ಲಿ ಅವರಿಗೆ ತಮ್ಮ ಮನೆಮಾತೇ ಬರುತ್ತಿತ್ತು.

"ಸಾಹೇಬರ, ಅಜ್ಜಂದು ಏನೂ ತಪ್ಪಿಲ್ಲರಿ. ಅದು ಕೆಳಗ ಇತ್ತು. ನಾನ ಹೊಲಿದು ಮ್ಯಾಲ ಮಾಡೀನಿ," ಎಂದೆ ಫೌಜದಾರರಿಗೆ.

ಅವರು ಧಾರವಾಡದ ಕಡೆಯವರು. ನನ್ನನ್ನೂ ಕೂಸನ್ನೂ ನೋಡಿದರು. "ಅಕ್ಕೋರ, ಮುದುಕನ ಮ್ಯಾಲ ಕರುಣಾ ಬಂದು ಹೇಳಾಕತ್ತೀರಿ. ಇದು ಸರಕಾರದ ಕೆಲಸ. ಮನಿಗೆ ಹೋಗ್ರಿ."

"ಕರುಣಾ ಅಲ್ಲರಿ! ಹಳೇ ಮಡಿಕಿ ಈ ಕಡೆ ಇತ್ತು. ಕತ್ತರಿಸಿದಾಕಿ ನಾನು."

"ಕತ್ತರಿಸಿದ್ದು ಎಲ್ಲೈತಿ?"

ನನಗೆ ಉತ್ತರ ಹೊಳೆದದ್ದು ತೋಳಿನಲ್ಲಿದ್ದ ಭಾರದಿಂದ. ಕೂಸನ್ನು ಕೌದಿಯಿಂದ ಬಿಡಿಸಿ, ಯಾರೆಂದೂ ನೋಡದೆ, ಹತ್ತಿರ ನಿಂತವರ ಕೈಗೆ ಕೊಟ್ಟೆ. ಅವರು ಮಾಸ್ತರರಾಗಿದ್ದರು. ಮಣ್ಣಿನಲ್ಲಿ ಕೂತು ಕೌದಿಯ ಅಂಚನ್ನು ಹಲ್ಲಿನಿಂದ ಕಡಿದೆ. ನನ್ನ ಹೊಲಿಗೆ ನನಗೇ ವೈರಿಯಾಗಿತ್ತು, ಅಷ್ಟು ಒತ್ತೊತ್ತಾಗಿ ಹಾಕಿದ್ದೆ. ಲಾರಿಯಿಂದ ಇಳಿದ ಸೈನಿಕರು ಕೂಡ ಬಂದು ನಿಂತಿದ್ದರು. ಮೊದಲ ಪದರದಲ್ಲಿ ನನ್ನ ಹಳೆಯ ಸೀರೆ ಬಂತು, ಎರಡನೆಯದರಲ್ಲಿ ನಮ್ಮವರ ಪಂಚೆ. ಇಲ್ಲ. ಎಲ್ಲಿ ಸೇರಿಸಿದೆ ಶಿವನೇ ಎಂದು ಪದರ ಪದರ ತಡಕಿದೆ. ಯಾರೋ ಹಿಂದಿನಿಂದ "ನಾಟಕ," ಎಂದ. ಇನ್ನೊಂದು ಮೂಲೆ ಹರಿದೆ. ತುಪ್ಪದ ಬಣ್ಣದ ರೇಷ್ಮೆ ಹೊರಗೆ ಇಣುಕಿತು.

ಪಟ್ಟಿಯನ್ನು ಎಳೆದು ತೆಗೆದು ನೆಲದ ಮೇಲಿನ ಬಾವುಟದ ಹತ್ತಿರ ಹೋದೆ. ಗುರಾಣಿಯ ಬುಡದ ಕಡೆ ನಾನು ಮಡಿಸಿ ಹೊಲಿದಿದ್ದ ಅಂಚನ್ನು ಬಿಚ್ಚಿದೆ. ಇಲಿ ಕಡಿದ ತೂತಿನ ಅರ್ಧ ಅಲ್ಲಿತ್ತು, ಇನ್ನರ್ಧ ಪಟ್ಟಿಯಲ್ಲಿತ್ತು. ಫೌಜದಾರರು ಟೋಪಿ ತೆಗೆದಿಟ್ಟು, ಮೊಣಕಾಲೂರಿ, ಎರಡನ್ನೂ ತಾವೇ ಕೂಡಿಸಿ ನೋಡಿದರು. ಒಡೆದ ಹಂಚಿನ ಎರಡು ಚೂರಿನ ಹಾಗೆ ಕೂಡಿತು. ಪಟ್ಟಿಯ ಮೇಲೆ ಸಾಲು ಸಾಲು ಹಳೆಯ ಹೊಲಿಗೆಗಳಿದ್ದವು. ಕಪ್ಪು ದಾರ, ನೀಲಿ ದಾರ, ಬಾಳೆನಾರಿನಂಥ ಯಾವುದೋ ದಾರ. ಅಜ್ಜನ ಹೆಂಡತಿ, ಅತ್ತೆ, ಅತ್ತೆಯ ಅತ್ತೆ, ಎಲ್ಲರೂ ಹಾಕಿದ್ದು. ಫೌಜದಾರರು ಒಂದೊಂದೇ ದಾರದ ಮೇಲೆ ಬೆರಳಾಡಿಸಿ ಎದ್ದರು.

"ಬಿಡ್ರಿ ಅವನ್ನ," ಎಂದರು ಪೊಲೀಸರಿಗೆ.

ಮಾಸ್ತರರು ಕೂಸನ್ನು ಎದೆಗವುಚಿಕೊಂಡು ಹಾಗೇ ನಿಂತಿದ್ದರು. ಕೂಸು ಅವರ ಕನ್ನಡಕ ಎಳೆಯುತ್ತಿತ್ತು. ಅವರ ಕಣ್ಣಿನಲ್ಲಿ ನೀರು. "ತಪ್ಪಾತು ಅಜ್ಜಾ," ಎಂದರು. ಜನ ಒಬ್ಬೊಬ್ಬರೇ ಕರಗಿದರು. ಡಬ್ಬಿ ತಂದವನು ಡಬ್ಬಿ ಅಲ್ಲೇ ಬಿಟ್ಟು ಹೋಗಿದ್ದ. ಗೆದ್ದೆ ಎಂದುಕೊಂಡು ನಾನು ಅಜ್ಜನ ಕಡೆ ತಿರುಗಿದೆ.

ಅಜ್ಜನಿಗೆ ಮಾಸ್ತರರ ಮಾತು ಕೇಳಿರಲೇ ಇಲ್ಲ. ಪೊಲೀಸರು ಕೈ ಬಿಟ್ಟದ್ದೂ ಗೊತ್ತಾದಂತಿರಲಿಲ್ಲ. ನೆಲಕ್ಕೆ ಕುಸಿದು, ಬಾವುಟವನ್ನು ಅಂಗೈಯಿಂದ ತಡವುತ್ತ ಕೋಲಿನವರೆಗೆ ಹೋಗಿ, ಅಲ್ಲಿಂದ ನಾಲ್ಕು ಬೆರಳು ಕೆಳಗೆ ಜರಿಯ ಕಿರೀಟ ಕೈಗೆ ಸಿಕ್ಕಿದ್ದೇ ನಿಂತುಬಿಟ್ಟ.

"ಸಾಯಬಾ," ಎಂದ, ದೇವರನ್ನು ಕರೆಯುವ ಹಾಗೆ. "ಮೇಲೆ ಅದೆ."

ನನ್ನ ಧ್ವನಿ ಬಂದಿದ್ದ ಕಡೆ ಮುಖ ತಿರುಗಿಸಿದ.

"ಎಷ್ಟು ದಿನ ಆಯ್ತು ಅಕ್ಕೋರೆ?"

"ಹದಿನಾಲ್ಕು ತಿಂಗಳಾತರಿ ಅಜ್ಜಾ."

"ಅಷ್ಟೂ ದಿನ ಬಂದವರಿಗೆಲ್ಲ ಕೆಳಗೆ ಅದೆ ಅಂತ ತೋರಿಸಿದೆ. ಎಲ್ಲರೂ ಹೌದು ಅಂದ್ರು." ಕಿರೀಟದಿಂದ ಕೈ ತೆಗೆಯದೆ, "ನಿಮಗೆ ಯಾವಾಗ ಗೊತ್ತಾಯ್ತು?" ಎಂದ.

ಈಗ ಗೊತ್ತಾಯಿತು ಎಂದು ಹೇಳಬಹುದಿತ್ತು. ಅವನಿಗೆ ತಿಳಿಯುವ ದಾರಿ ಇರಲಿಲ್ಲ. ಆದರೆ ಇನ್ನೂ ಒಂದು ಸುಳ್ಳು ನನ್ನ ಬಾಯಿಂದ ಹೊರಡಲಿಲ್ಲ. "ಕೂಸಿನ್ನ ತೋರಿಸಾಕ ಬಂದಿದ್ನಲ್ಲರಿ, ಅವತ್ತ," ಎಂದೆ.

"ಅವತ್ತು ಕೂಸಿನ ಹಣೆ ಮೇಲೆ ಶಿಲುಬೆ ಬರೆದೆ," ಎಂದ ಅಜ್ಜ. ಬೈಯಲಿಲ್ಲ. ಬೈದಿದ್ದರೆ ಕಾಲು ಹಿಡಿದು ಅತ್ತು ಹಗುರಾಗುತ್ತಿದ್ದೆ.

ಅಲ್ಲೇ, ಆ ಮೆಟ್ಟಿಲ ಮೇಲೆ ಸಂಜೆಯವರೆಗೆ ಕೂತು ಹಳೆಯ ಪಟ್ಟಿಯನ್ನೇ ಬುಡದ ಅಂಚಿಗೆ ಸೇರಿಸಿ ಕೈಯಿಂದ ಹೊಲಿದೆ. ಕೊಳೆತಲ್ಲಿ ನನ್ನ ಹಳೆಯ ಸೀರೆಯ ತುಂಡು ಅಸ್ತರು ಕೊಟ್ಟೆ. ಅಜ್ಜ ಪಕ್ಕದಲ್ಲಿ ಕೂತು ಹೆಬ್ಬೆರಳನ್ನು ಕಿರೀಟದ ಮೇಲಿಟ್ಟುಕೊಂಡಿದ್ದ, ಹೊಲಿಗೆ ಮುಗಿಯುವವರೆಗೆ ತೆಗೆಯಲಿಲ್ಲ. ಮಾಸ್ತರರು ಕುಂಟುತ್ತ ಏಣಿ ತಂದು ತಾವೇ ಹತ್ತಿ ಏರಿಸಿದರು. ನಮ್ಮವರ ನೌಕರಿಯೂ ಹೋಗಲಿಲ್ಲ, ನನ್ನದೂ ಹೋಗಲಿಲ್ಲ. ಊರು ಆಡಿಕೊಂಡಿತು, ಒಂದು ತಿಂಗಳು, ಅಷ್ಟೇ. ಗೋವೆ ನಮ್ಮದಾಯಿತು. ಚಂದಗುಳಿಗೆ ಹೋಗಿ ಗಂಟೆ ಕಟ್ಟಿ ಬಂದೆ. ಹರಕೆ ತೀರಿತು, ಮನಸ್ಸು ಮಾತ್ರ ಹಾಗೇ ಭಾರವಾಗಿತ್ತು.

ಆಮೇಲೆ ಅಜ್ಜ ಬದುಕಿದ್ದ ಐದು ವರ್ಷ, ಬಂದವರಿಗೆ ತಾನಾಗಿ ಬಾವುಟ ತೋರಿಸಲಿಲ್ಲ. ಯಾರಾದರೂ ಕೇಳಿದರೆ, "ಹೊಲಿಗೆ ಅಕ್ಕೋರನ್ನ ಕರೀರಿ. ನಾನು ಹೇಳಿದರೆ ನಂಬೂದು ಕಷ್ಟ," ಎನ್ನುತ್ತಿದ್ದ. ನಾನು ಹೋಗುತ್ತಿದ್ದೆ, ಒಲೆಯ ಮೇಲೆ ಏನಿದ್ದರೂ ಇಳಿಸಿಟ್ಟು. ಗೋಡೆ ತೋರಿಸಿ, ನೋಡ್ರಿ, ಕಿರೀಟ ಕೆಳಗ ಐತಿ, ಸೋತವರ ಕಿರೀಟ ನೆಲ ನೋಡಬೇಕಂತ ಇವರ ಹಿರಿಯರು ಹಿಂಗ ಇಟ್ಟಾರ ಎಂದು ಹೇಳುತ್ತಿದ್ದೆ. ಬಂದವರು ತಲೆದೂಗುತ್ತಿದ್ದರು.

ಅಜ್ಜ ಹಿಂದಿನ ಬೆಂಚಿನ ಮೇಲೆ ಕೂತಿರುತ್ತಿದ್ದ. ಅವರೆಲ್ಲ ಹೋದ ಮೇಲೆ, ಸಣ್ಣ ಧ್ವನಿಯಲ್ಲಿ, "ಹೌದಾ ಅಕ್ಕೋರೆ?" ಎಂದು ಕೇಳುತ್ತಿದ್ದ.

"ಹೌದರಿ ಅಜ್ಜಾ. ಕೆಳಗ ಐತಿ."

ಐದು ವರ್ಷ ಕೇಳಿದ. ಒಂದು ಸಲವೂ ಕೇಳದೆ ಬಿಡಲಿಲ್ಲ.